ಈಗ ಬರುತ್ತೆ ನೋಡಿ!

‘ಸಂಜೆ ನಾಲ್ಕಕ್ಕೆ ಕಾಫಿಗೆ ಬನ್ನಿ’ ಎಂದು ಓವರ್ಚರ್ ರಾಯರು ಕರೆದರೆ, ರಾತ್ರಿಯ ಅಡುಗೆಯನ್ನು ಮಧ್ಯಾಹ್ನವೇ ಮಾಡಿಟ್ಟು ಹೋಗುವುದು ಕ್ಷೇಮ. ಕಾಫಿಯೇನೋ ಬರುತ್ತದೆ, ಅದೂ ಗಟ್ಟಿ ಡಿಕಾಕ್ಷನ್ನಿನದು. ಆದರೆ ಅದು ಬರುವ ಹೊತ್ತಿಗೆ ರೆಕಾರ್ಡು ಶುರುವಾಗಿರುತ್ತದೆ. ರೆಕಾರ್ಡು ನಡೆಯುವಾಗ ಸೊರ್ರೆಂದು ಕುಡಿಯುವಂತಿಲ್ಲ, ಲೋಟವನ್ನು ಡಬರಿಗೆ ತಾಗಿಸುವಂತಿಲ್ಲ. ರೆಕಾರ್ಡು ಮುಗಿಯುವಷ್ಟರಲ್ಲಿ ಕಾಫಿ ಆರಿ ಕೆನೆಗಟ್ಟಿರುತ್ತದೆ. ಆ ಕೆನೆಯನ್ನು ಸದ್ದಿಲ್ಲದೆ ಬೆರಳಿನಿಂದ ತೆಗೆಯುವ ವಿದ್ಯೆ ನಮ್ಮ ಬೀದಿಯವರಿಗೆಲ್ಲ ಕರಗತವಾಗಿದೆ.

ರಾಯರ ಪೂರ್ತಿ ಹೆಸರು ಇಲ್ಲಿ ಬೇಡ. ದಕ್ಷಿಣ ಬೆಂಗಳೂರಿನ ಯಾವ ಹಳೆಯ ಬಡಾವಣೆಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ. ಸಾರ್ವಜನಿಕ ರಂಗದ ಕಾರ್ಖಾನೆಯಿಂದ ನಿವೃತ್ತಿ, ಅಮೆರಿಕದಲ್ಲಿ ಮಗ, ಮಹಡಿಯ ಮೇಲೊಂದು ಕೋಣೆ, ಕೋಣೆಯ ತುಂಬ ಎಲ್‌ಪಿ ರೆಕಾರ್ಡು. ಅವರ ಕಪಾಟು ರೊಸ್ಸಿನಿಯಿಂದ ಶುರುವಾಗಿ ಬೀಥೋವನ್, ಚೈಕೋವ್‌ಸ್ಕಿ ಮೇಲೆ ಹಾದು ಡೀಪ್ ಪರ್ಪಲ್, ಪಿಂಕ್ ಫ್ಲಾಯ್ಡ್, ಲೆಡ್ ಝೆಪೆಲಿನ್ನಿಗೆ ಬಂದು ನಿಲ್ಲುತ್ತದೆ. ‘ಇದೇನ್ರೀ, ಎತ್ತಣ ಮಾಮರ ಎತ್ತಣ ಕೋಗಿಲೆ?’ ಎಂದು ಯಾರೋ ಕೇಳಿದ್ದಕ್ಕೆ ರಾಯರು ಕೆರಳಿ, ಡೀಪ್ ಪರ್ಪಲ್‌ನವರು 1969ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಇಡೀ ಸಿಂಫನಿ ಆರ್ಕೆಸ್ಟ್ರಾ ಜೊತೆ ಕೂತು ಕಾನ್ಚರ್ಟೊ ನುಡಿಸಿದ್ದನ್ನು ಹೇಳಿದರು. ಹೇಳಿ ಬಿಟ್ಟಿದ್ದರೆ ಸರಿಹೋಗುತ್ತಿತ್ತು, ಕೇಳಿಸಿಯೂ ಬಿಟ್ಟರು. ಕೆನಡಾದ ರಶ್ ತಂಡದವರು 1976ರ ತಮ್ಮ ‘2112’ರ ಆರಂಭದಲ್ಲಿ ಚೈಕೋವ್‌ಸ್ಕಿಯ ಒಂದು ತುಣುಕನ್ನು ಗಿಟಾರಿನಲ್ಲಿ ನುಡಿಸಿದ್ದಾರೆ ಎಂದು ಅದನ್ನೂ ಕೇಳಿಸಿದರು. ಪ್ರಶ್ನೆ ಕೇಳಿದಾತ ಈಗ ಮನೆ ಬದಲಾಯಿಸಿದ್ದಾರೆ.

ಕೋಣೆಯ ವಿವರ ಸ್ವಲ್ಪ ಹೇಳಬೇಕು. ಎರಡು ಸ್ಪೀಕರುಗಳ ನಡುವೆ ಎಷ್ಟು ಅಂತರವೋ ಅಷ್ಟೇ ಅಂತರದಲ್ಲಿ, ಸಮಬಾಹು ತ್ರಿಭುಜದ ಮೂರನೆಯ ಮೂಲೆಗೆ ಸರಿಯಾಗಿ, ಒಂದು ಬೆತ್ತದ ಕುರ್ಚಿ. ಅದರ ನಾಲ್ಕು ಕಾಲಿಗೂ ನೆಲದ ಮೇಲೆ ಕಪ್ಪು ಟೇಪಿನ ಗುರುತು. ಕೆಲಸದಾಕೆ ಒರೆಸುವಾಗ ಕುರ್ಚಿ ನಾಲ್ಕು ಬೆರಳು ಸರಿದರೆ ಅಂದು ಮನೆಯಲ್ಲಿ ಮಹಾಭಾರತ. ಅತಿಥಿಯ ಕಿವಿ ಸ್ಪೀಕರಿನ ಟ್ವೀಟರಿನ ಎತ್ತರಕ್ಕೆ ಸರಿಯಾಗಿ ಬರಬೇಕಾದ್ದರಿಂದ ಕುಳ್ಳಗಿದ್ದವರಿಗೆ ಒಂದು ದಿಂಬು ಕೊಡುತ್ತಾರೆ. ಎತ್ತರದವರಿಗೆ ‘ಸ್ವಲ್ಪ ಜಾರಿ ಕೂತ್ಕೊಳ್ಳಿ’ ಎನ್ನುತ್ತಾರೆ. ನಾನು ಆರಡಿ ಸಮೀಪದವನು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಎಂದರೆ ನನಗೆ ಈಗಲೂ ಮೊದಲು ನೆನಪಾಗುವುದು ಸೊಂಟ.

ಫ್ಯಾನ್ ಹಾಕುವಂತಿಲ್ಲ, ಅದರ ಗುಂಯ್‌ಗುಡುವಿಕೆ ಡಬಲ್ ಬಾಸ್‌ನ ಸ್ವರಕ್ಕೆ ಅಡ್ಡ ಬರುತ್ತದೆ. ಕಿಟಕಿ ತೆಗೆಯುವಂತಿಲ್ಲ, ಹೊರಗೆ ತರಕಾರಿ ಗಾಡಿಯವನ ಧ್ವನಿವರ್ಧಕ. ಏಪ್ರಿಲ್ ತಿಂಗಳಲ್ಲಿ ರಾಯರ ಕೋಣೆಯಿಂದ ಇಳಿದು ಬರುವವರ ಅಂಗಿ ನೋಡಿದರೆ ಸಾಕು, ಕೇಳಿ ಬಂದದ್ದು ಇಡೀ ಸಿಂಫನಿಯೋ ಬರೀ ಓವರ್ಚರೋ ಎಂದು ಇಡೀ ಬೀದಿ ಹೇಳುತ್ತದೆ.

ಓವರ್ಚರ್ ಎಂದರೆ ಅಸಲಿಗೆ ಒಪೆರಾದ ಪರದೆ ಏಳುವ ಮೊದಲು ನುಡಿಸುವುದು. ಜನ ಇನ್ನೂ ಕುರ್ಚಿ ಹುಡುಕುತ್ತಾ, ಕೆಮ್ಮುತ್ತಾ, ಪಕ್ಕದವರ ಒಡವೆ ನೋಡುತ್ತಾ ಇರುವಾಗ ಅವರನ್ನು ಸುಮ್ಮನಾಗಿಸಲಿಕ್ಕೆಂದೇ ಹುಟ್ಟಿದ ಪೀಠಿಕೆ. ರಾಯರು ಈ ಪೀಠಿಕೆಗೊಂದು ಪೀಠಿಕೆ ಹಾಕುತ್ತಾರೆ. ರೊಸ್ಸಿನಿಯ ‘ವಿಲಿಯಂ ಟೆಲ್’ ಓವರ್ಚರ್ ಹೆಚ್ಚೆಂದರೆ 12 ನಿಮಿಷ. ರಾಯರ ಪೀಠಿಕೆ ಅದರ ಎರಡರಷ್ಟು. 1829ರಲ್ಲಿ ಪ್ಯಾರಿಸ್ಸಿನಲ್ಲಿ ಆ ಒಪೆರಾ ಮೊದಲ ಸಲ ಆಡಿದ್ದು, ಪೂರ್ತಿ ಆಡಿದರೆ ಸುಮಾರು ನಾಲ್ಕು ಗಂಟೆ ಹಿಡಿಯುವುದು, ಅದಾದ ಮೇಲೆ ರೊಸ್ಸಿನಿ 1868ರಲ್ಲಿ ಸಾಯುವತನಕ ಬದುಕಿದ್ದರೂ ಇನ್ನೊಂದು ಒಪೆರಾ ಬರೆಯದೆ ಊಟ ತಿಂಡಿಯಲ್ಲಿ ಸುಖವಾಗಿದ್ದದ್ದು, ಎಲ್ಲವೂ ಬರುತ್ತದೆ. ‘ಮೂವತ್ತೇಳನೇ ವಯಸ್ಸಿಗೇ ವಿಆರ್‌ಎಸ್ ತಗೊಂಡ್ರು ಅನ್ನಿ’ ಎಂದರು ಒಬ್ಬ ಬ್ಯಾಂಕಿನವರು. ಅವರದೂ ವಿಆರ್‌ಎಸ್ಸೇ. ಅಂದಿನಿಂದ ಅವರಿಗೆ ರೊಸ್ಸಿನಿ ಮೇಲೆ ಒಂದು ತರಹ ಸಹೋದ್ಯೋಗಿಯ ಪ್ರೀತಿ.

ಅದೇ ರೊಸ್ಸಿನಿ ‘ಬಾರ್ಬರ್ ಆಫ್ ಸೆವಿಲ್’ಗೆ ಹೊಸ ಓವರ್ಚರ್ ಬರೆಯುವ ತಾಪತ್ರಯಕ್ಕೆ ಹೋಗದೆ, ಅದಕ್ಕೂ ಮೊದಲು ಎರಡು ಒಪೆರಾಗಳಿಗೆ ಬಳಸಿದ್ದ ಓವರ್ಚರನ್ನೇ ಮೂರನೆಯ ಸಲ ಅಂಟಿಸಿದ. ಮೊದಲ ಎರಡೂ ಗಂಭೀರ ಕಥೆಗಳು, ಎರಡನೆಯದರಲ್ಲಿ ನಾಯಕಿ ಸಾಕ್ಷಾತ್ ಇಂಗ್ಲೆಂಡಿನ ರಾಣಿ ಎಲಿಝಬೆತ್. ಮೂರನೆಯದು ಒಬ್ಬ ಕ್ಷೌರಿಕನ ನಗೆನಾಟಕ. ಇದನ್ನು ರಾಯರು ಪ್ರತಿಭೆಯ ಲಕ್ಷಣ ಎನ್ನುತ್ತಾರೆ. ಇದನ್ನೇ ನಮ್ಮ ಸಿನಿಮಾ ಸಂಗೀತ ನಿರ್ದೇಶಕರೊಬ್ಬರು ಮಾಡಿದರೆ ಅವರು ಬಳಸುವ ಶಬ್ದ ಬೇರೆ.

ಇನ್ನು ಮುಖ್ಯ ವಿಷಯ. ರಾಯರು ರೆಕಾರ್ಡನ್ನು ಅಂಚು ಹಿಡಿದು ಎತ್ತಿ, ಬ್ರಶ್ಶಿನಿಂದ ಧೂಳು ತೆಗೆದು, ಉಸಿರು ಬಿಗಿಹಿಡಿದು ಮುಳ್ಳು ಇಳಿಸುತ್ತಾರೆ. ಐದು ಚೆಲ್ಲೋಗಳು ಮೆಲ್ಲಗೆ ಬೆಳಗಾಗಿಸಲು ಶುರುಮಾಡುತ್ತವೆ.

‘ಐದು ಚೆಲ್ಲೋ!’ ಎನ್ನುತ್ತಾರೆ ರಾಯರು.

ನಾವು ತಲೆದೂಗಬೇಕು.

‘ಬರೀ ಚೆಲ್ಲೋ. ಪಿಟೀಲು ಇಲ್ಲವೇ ಇಲ್ಲ. ಗಮನಿಸಿ, ಪಿಟೀಲು ಇಲ್ಲ. ಆಲ್ಪ್ಸ್ ಬೆಟ್ಟದಲ್ಲಿ ಸೂರ್ಯೋದಯ. ಈ ಮೌನ ಕೇಳಿ.’

ಮೌನ ಕೇಳಬೇಕೆಂದು ಹೇಳುವ ಧ್ವನಿ ಒಂದನ್ನು ಬಿಟ್ಟರೆ ಬೇರೆಲ್ಲ ಮೌನವಾಗಿಯೇ ಇರುತ್ತದೆ. ಆಮೇಲೆ ಬಿರುಗಾಳಿ. ಬಿರುಗಾಳಿಗೆ ಮುಂಚೆಯೇ ರಾಯರು ‘ಈಗ ಬಿರುಗಾಳಿ’ ಎಂದು ಹವಾಮಾನ ಇಲಾಖೆಯ ಸೂಚನೆ ಕೊಡುತ್ತಾರೆ. ಒಂದು ವ್ಯತ್ಯಾಸ, ಇದು ತಪ್ಪದೆ ಬರುತ್ತದೆ. ಬಿರುಗಾಳಿ ಇಳಿದು ದನಗಾಹಿಗಳ ರಾಗ ಕಾರ್ ಆಂಗ್ಲೇ ಎಂಬ ವಾದ್ಯದಲ್ಲಿ ಒಂಟಿಯಾಗಿ ಏಳುತ್ತದೆ. ಆ ನಾಜೂಕು ಜಾಗಕ್ಕೆ ಸರಿಯಾಗಿ ಕೆಳಗಿನಿಂದ ಕುಕ್ಕರಿನ ಸೀಟಿ.

‘ಲೇ, ಒಲೆ ಆರಿಸೇ!’

‘ಮೂರು ಕೂಗದೆ ಬೇಳೆ ಬೇಯಲ್ಲ. ನಿಮ್ಮ ರೊಸ್ಸಿನಿಗೇನು, ಬಂದು ಉಣ್ಣೋನಲ್ಲ.’

ರಾಯರು ಮುಳ್ಳು ಎತ್ತಿ, ಎರಡು ನಿಮಿಷ ಹಿಂದಕ್ಕೆ ಇಡುತ್ತಾರೆ. ಮತ್ತೆ ಬಿರುಗಾಳಿ. ಮತ್ತೆ ದನಗಾಹಿ. ಎರಡನೆಯ ಸೀಟಿ. ರೊಸ್ಸಿನಿ ಒಂದು ಸಲ ಬರೆದ ಬಿರುಗಾಳಿಯಲ್ಲಿ ನಾವು ಬೇಳೆ ಬೇಯುವತನಕ ನೆಂದಿದ್ದೇವೆ. ಕೊನೆಗೆ ಕಹಳೆ ಮೊಳಗುವ ಹೊತ್ತು ಹತ್ತಿರವಾಗುತ್ತದೆ. ರಾಯರು ಎದ್ದು ನಿಲ್ಲುತ್ತಾರೆ. ಕೈ ಮೇಲೆತ್ತುತ್ತಾರೆ. ‘ಈಗ ಬರುತ್ತೆ ನೋಡಿ... ಈಗ... ಇನ್ನೇನು... ಇಗೋ...’ ಎನ್ನುತ್ತಿರುವಾಗಲೇ ಅದು ಬಂದು ಅವರ ‘ಇಗೋ’ದ ಕೆಳಗೆ ಸಿಕ್ಕಿ ಹೋಗುತ್ತದೆ. ಕಹಳೆಯ ಮೊದಲ ಸ್ವರಗಳನ್ನು ರಾಯರ ಮನೆಯಲ್ಲಿ ಇದುವರೆಗೆ ಯಾರೂ ಕೇಳಿಲ್ಲ. ಅಲ್ಲಿಂದ ಮುಂದೆ ಕುದುರೆ ಓಟ. ರಾಯರಿಗೆ ಎಪ್ಪತ್ತು ದಾಟಿದೆ, ಮಂಡಿನೋವು ಇದೆ, ಆದರೂ ಸೋಫಾದ ಕೈಯ ಮೇಲೆ ಕೂತು ಸ್ವಿಟ್ಜರ್ಲೆಂಡಿನ ಸ್ವಾತಂತ್ರ್ಯಕ್ಕೆ ದೌಡಾಯಿಸುವುದನ್ನು ನೋಡಬೇಕು.

ಇಷ್ಟೆಲ್ಲ ನಡೆಯುವಾಗ ರಾಯರು ಎಲ್ಲಿರುತ್ತಾರೆ ಎಂಬುದನ್ನು ನಾನು ತಡವಾಗಿ ಗಮನಿಸಿದೆ. ಅವರ ಜಾಗ ಎರಡೂ ಸ್ಪೀಕರುಗಳ ಮಧ್ಯೆ, ನಮ್ಮ ಕಡೆ ಮುಖ ಮಾಡಿ. ಸದ್ದೆಲ್ಲ ಅವರ ಅಕ್ಕಪಕ್ಕದಿಂದ ಹಾದು ನಮ್ಮತ್ತ ಬರುತ್ತದೆ. ಆ ಕೋಣೆಯಲ್ಲಿ ಸಂಗೀತ ಕೇಳಲು ಅತಿ ಕೆಟ್ಟ ಜಾಗ ಅದು. ಕೇಳುವವರ ಮುಖ ನೋಡಲು ಅತ್ಯುತ್ತಮ ಜಾಗ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟಿನ ಮೊದಲ ಚಮಚ ಬಾಯಿಗಿಡುವಾಗ ಹುಡುಗಿಯ ತಾಯಿ ಅಡುಗೆಮನೆಯ ಬಾಗಿಲಿನಿಂದ ನೋಡುತ್ತಾಳಲ್ಲ, ರಾಯರು ನಮ್ಮನ್ನು ನೋಡುವುದು ಹಾಗೆ. ರೆಕಾರ್ಡು ಅವರಿಗೆ ಬಾಯಿಪಾಠ. ಗೊತ್ತಿಲ್ಲದಿರುವುದು ನಮ್ಮ ಮುಖವೊಂದೇ.

ಹಾಗಾಗಿ ಕಷ್ಟವೆಲ್ಲ ಮುಖದ್ದೇ. ಕರ್ನಾಟಕ ಸಂಗೀತ ಕಚೇರಿಯಲ್ಲಿ ಕೇಳುಗನಿಗೂ ಒಂದಿಷ್ಟು ಕೆಲಸವಿದೆ: ತೊಡೆಯ ಮೇಲೆ ತಾಳ ಹಾಕಬಹುದು, ‘ಭಲೇ’ ಎನ್ನಬಹುದು, ಲೊಚಗುಟ್ಟಬಹುದು, ಪಕ್ಕದವರಿಗೆ ‘ಕಾಂಬೋಧಿ’ ಎಂದು ಪಿಸುಗುಟ್ಟಿ ಅವರು ‘ಎದುಕುಲ ಕಾಂಬೋಧಿ’ ಎಂದು ತಿದ್ದುವುದನ್ನು ಕೇಳಬಹುದು, ತನಿ ಆವರ್ತನಕ್ಕೆ ಎದ್ದು ಕ್ಯಾಂಟೀನಿಗೆ ಹೋಗಬಹುದು. ರಾಯರ ಕುರ್ಚಿಯಲ್ಲಿ ಕೂತವನಿಗೆ ಇದ್ಯಾವುದೂ ಇಲ್ಲ. ಬೇಗ ನಕ್ಕರೆ ‘ಇನ್ನೂ ಬಂದಿಲ್ಲ’ ಎನ್ನುತ್ತಾರೆ. ತಡವಾಗಿ ನಕ್ಕರೆ ‘ಮಿಸ್ ಮಾಡಿಕೊಂಡ್ರಿ’ ಎಂದು ಮುಳ್ಳನ್ನು ಹಿಂದಕ್ಕಿಡುತ್ತಾರೆ. ಕಣ್ಣು ಮುಚ್ಚುವುದಂತೂ ನಿಷಿದ್ಧ. ಆ ಬ್ಯಾಂಕಿನವರು ಸೂರ್ಯೋದಯದಲ್ಲಿ ಕಣ್ಣು ಮುಚ್ಚಿ ತನ್ಮಯರಾದರು, ರಾಯರಿಗೂ ಸಂತೋಷವಾಯಿತು. ಬಿರುಗಾಳಿ, ಕಹಳೆ, ಕುದುರೆ ಎಲ್ಲ ಹೋದ ಮೇಲೂ ಅವರು ಏಳಲಿಲ್ಲ. ಮನೆಯವರು ಬಂದು ಎಬ್ಬಿಸಿದಾಗ ‘ಟೋಕನ್ ನಂಬರ್ ಎಷ್ಟು?’ ಎಂದರಂತೆ.

ಈ ಚಟ ಎಲ್ಲಿಂದ ಅಂಟಿತು ಎಂದು ಹುಡುಕಿದರೆ ತಪ್ಪು ಪೂರ್ತಿ ರಾಯರದು ಎನ್ನಲಾಗದು. ಅವರ ಹರೆಯದಲ್ಲಿ ಒಂದು ಫಾರಿನ್ ಎಲ್‌ಪಿ ಎಂದರೆ ಯಾರದೋ ಸೋದರಮಾವ ಹಡಗಿನಲ್ಲೋ ವಿಮಾನದಲ್ಲೋ ಬಟ್ಟೆಗಳ ನಡುವೆ ಸುತ್ತಿ ತಂದದ್ದು. ಒಂದು ಮನೆಯ ರೆಕಾರ್ಡನ್ನು ಹತ್ತು ಮನೆಯ ಹುಡುಗರು ಬಂದು ಕೇಳಬೇಕು. ಆಮೇಲೆ ಕ್ಯಾಸೆಟ್ಟಿನ ಕಾಲ ಬಂತು. 90 ನಿಮಿಷದ ಟಿಡಿಕೆ ಟೇಪು, ಒಂದೊಂದು ಬದಿಗೆ 45 ನಿಮಿಷ. ಒಂದು ಬದಿಗೆ ಒಂದು ಎಲ್‌ಪಿ ಎಂದು ರೆಕಾರ್ಡಿಂಗ್ ಅಂಗಡಿಯವನ ಲೆಕ್ಕ. 45ಕ್ಕಿಂತ ಉದ್ದದ ಎಲ್‌ಪಿ ಆದರೆ ಕೊನೆಯ ಹಾಡು ಗಿಟಾರಿನ ಮಧ್ಯೆ ಕಚಕ್ಕನೆ ನಿಲ್ಲುತ್ತಿತ್ತು. ಹಾಗೆ ತುಂಡಾಗುವುದೇ ಆ ಹಾಡಿನ ಮುಕ್ತಾಯ ಎಂದು ನಂಬಿ ಬೆಳೆದ ಒಂದು ಪೀಳಿಗೆಯೇ ಬೆಂಗಳೂರಿನಲ್ಲಿದೆ. ಅಂಥ ಕಾಲದಲ್ಲಿ ‘ನನ್ನ ಹತ್ತಿರ ಇದೆ, ಬಾ ಕೇಳಿಸ್ತೀನಿ’ ಎಂಬ ಮಾತಿಗೆ ಬೆಲೆ ಇತ್ತು. ಕೇಳಿದವನು ಸೈಕಲ್ ತುಳಿದುಕೊಂಡು ಬರುತ್ತಿದ್ದ. ಈಗ ಎಲ್ಲರ ಜೇಬಿನಲ್ಲೂ ಎಲ್ಲ ಹಾಡೂ ಇವೆ. ರಾಯರಲ್ಲಿ ಹಂಚಲು ಉಳಿದಿರುವುದು ‘ನೀವು ಕೇಳಲೇಬೇಕು’ ಎಂಬ ಹಟವೊಂದೇ, ಅದನ್ನವರು ಧಾರಾಳವಾಗಿ ಹಂಚುತ್ತಾರೆ.

ಅರಮನೆ ಮೈದಾನದ ವಿಷಯ ತೆಗೆಯದಿರುವುದು ಒಳ್ಳೆಯದು. 2002ರಲ್ಲಿ ರೋಜರ್ ವಾಟರ್ಸ್, 2003ರಲ್ಲಿ ಮಳೆಯಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ. ರಾಯರು ಎಲ್ಲದಕ್ಕೂ ಹೋಗಿದ್ದಾರೆ. ಸ್ಟೋನ್ಸ್ ಮಳೆಯಲ್ಲಿ ತಾನೂ ನೆಂದೆ ಎನ್ನುವವರನ್ನೆಲ್ಲ ಲೆಕ್ಕಕ್ಕೆ ತಗೊಂಡರೆ ಅಂದಿನ ಜನಸಂದಣಿಯ ಬಾಲ ಹೆಬ್ಬಾಳ ದಾಟಿ ಯಲಹಂಕದಲ್ಲಿರಬೇಕು. ಆದರೆ ರಾಯರು ನಿಜಕ್ಕೂ ನೆಂದಿದ್ದಾರೆ. ಅಂದು ಹಿಡಿದ ನೆಗಡಿಯ ಬಗ್ಗೆ ಮನೆಯವರು ಇವತ್ತಿಗೂ ಸಾಕ್ಷಿ ಹೇಳುತ್ತಾರೆ.

‘ಇದೆಲ್ಲ ನಮ್ಮದಲ್ಲದ ಗಲಾಟೆ’ ಎಂದು ಯಾರಾದರೂ ಅಂದರೆ ಮಾತ್ರ ರಾಯರು ತಮ್ಮ ಬ್ರಹ್ಮಾಸ್ತ್ರ ತೆಗೆಯುತ್ತಾರೆ: ಜಯಚಾಮರಾಜೇಂದ್ರ ಒಡೆಯರ್. ಈ ಭಾಗವನ್ನು ಅವರು ಎದ್ದು ನಿಂತೇ ಹೇಳುವುದು, ನಾನೂ ಎದ್ದು ನಿಂತೇ ಕೇಳುವುದು. ಸೊಂಟಕ್ಕೂ ಆರಾಮ. ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತಗಾರ ಮುಪ್ಪಿನಲ್ಲಿ, ಕಾಯಿಲೆಯಲ್ಲಿ, ಲಂಡನ್ನಿನಲ್ಲಿ ಮೂಲೆಗುಂಪಾಗಿದ್ದ. ಮೈಸೂರಿನ ಮಹಾರಾಜರಿಗೆ ಅವನ ಸಂಗೀತ ಇಷ್ಟ. ಅವರು 1940ರ ದಶಕದ ಕೊನೆಯಲ್ಲಿ ಮೆಟ್ನರ್ ಸೊಸೈಟಿ ಕಟ್ಟಿ, ದುಡ್ಡು ಕೊಟ್ಟು, ಅವನ ಮೂರೂ ಪಿಯಾನೊ ಕಾನ್ಚರ್ಟೊಗಳನ್ನು ಅವನಿಂದಲೇ ನುಡಿಸಿ ರೆಕಾರ್ಡು ಮಾಡಿಸಿದರು. ಅವನು ಮೂರನೆಯದನ್ನು ಮಹಾರಾಜರಿಗೆ ಅರ್ಪಿಸಿ 1951ರಲ್ಲಿ ತೀರಿಕೊಂಡ. 1950ರ ಮೇ 22ರಂದು ರಿಚರ್ಡ್ ಸ್ಟ್ರೌಸನ ‘ಕೊನೆಯ ನಾಲ್ಕು ಹಾಡುಗಳು’ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಸಲ ಲೋಕಕ್ಕೆ ಕೇಳಿಸಿದಾಗ ಅದರ ಹಿಂದೆಯೂ ಇದ್ದದ್ದು ಮೈಸೂರಿನ ದುಡ್ಡೇ. ಹಾಡಿದವಳು ಕರ್ಸ್ಟನ್ ಫ್ಲಾಗ್‌ಸ್ಟಾಡ್, ನಡೆಸಿದವನು ಫುರ್ಟ್‌ವೆಂಗ್ಲರ್. ಮಹಾರಾಜರಿಗೆ ಹೋಗಲಾಗಲಿಲ್ಲ, ಅಂದಿನ ಕಚೇರಿಯ ರೆಕಾರ್ಡು ಮೈಸೂರಿಗೇ ಬಂತು.

‘ತಮಗೆ ಇಷ್ಟವಾದದ್ದನ್ನು ಇಡೀ ಪ್ರಪಂಚಕ್ಕೆ ಕೇಳಿಸಿದರಲ್ರೀ!’ ಎನ್ನುವಾಗ ರಾಯರ ಗಂಟಲು ಕಟ್ಟುತ್ತದೆ. ನನಗೆ ಆಗ ಅವರ ಮೇಲೆ ನಿಜವಾದ ಗೌರವ ಹುಟ್ಟುತ್ತದೆ. ಮಹಾರಾಜರ ಹತ್ತಿರ ಖಜಾನೆ ಇತ್ತು. ಇವರು ಪಿಂಚಣಿಯಲ್ಲಿ, ಒಂದು ಬೆತ್ತದ ಕುರ್ಚಿ ಇಟ್ಟುಕೊಂಡು, ಅದೇ ಕೈಂಕರ್ಯ ನಡೆಸುತ್ತಿದ್ದಾರೆ.

ಮನೆಯವರಿಗೆ ಮಾತ್ರ ಈ ಗೌರವ ಹುಟ್ಟಿದಂತಿಲ್ಲ. ಮೊಝಾರ್ಟನ 40ನೇ ಸಿಂಫನಿ ಹಾಕಿದಾಗ ಕಾಫಿ ತಂದವರು ಅಲ್ಲೇ ನಿಂತು ಕಿವಿಗೊಟ್ಟರು. ರಾಯರ ಕಣ್ಣು ಅರಳಿತು. ‘ಇದು ತಲತ್ ಮಹಮೂದ್ ಹಾಡಲ್ವಾ? ಇವನೂ ಕದ್ದಿದಾನಾ?’ ಎಂದರು. 1961ರ ‘ಛಾಯಾ’ ಸಿನಿಮಾಕ್ಕೆ ಸಲಿಲ್ ಚೌಧುರಿ ಈ ಸಿಂಫನಿಯ ಎಳೆ ಹಿಡಿದು ಹಾಡು ಮಾಡಿದ್ದನ್ನು ರಾಯರು ವಿವರಿಸಿದರು. ಮನೆಯವರು ನಂಬಲಿಲ್ಲ. ಅವರು ಮೊದಲು ಕೇಳಿದ್ದು ತಲತ್‌ದು, ಅವರ ಲೆಕ್ಕದಲ್ಲಿ ಮೊದಲು ಬಂದದ್ದೂ ತಲತ್‌ದೇ. 25ನೇ ಸಿಂಫನಿಯ ಗತಿ ಇನ್ನೂ ಕಷ್ಟ. ಮೊಝಾರ್ಟ್ 1773ರಲ್ಲಿ, ಹದಿನೇಳರ ಹುಡುಗನಾಗಿದ್ದಾಗ ಬರೆದದ್ದು. ಯಾರಿಗೆ ಕೇಳಿಸಿದರೂ ಮುಖ ಅರಳಿಸಿ ‘ಟೈಟಾನ್!’ ಎನ್ನುತ್ತಾರೆ. ಬೀಥೋವನ್ನನ ‘ಫ್ಯೂರ್ ಎಲೀಝ್’ ಅಂತೂ ಎದುರು ಮನೆಯ ಕಾರು ಹಿಂದಕ್ಕೆ ಬರುವಾಗಲೆಲ್ಲ ಕೂಗುತ್ತದೆ. ಗೇಟಿಗೆ ತಾಗುವ ಮುಂಚೆ ಕಾರು ನಿಂತು ಬಿಡುವುದರಿಂದ ಆ ರಾಗ ಅರ್ಧಕ್ಕೇ ಕಡಿಯುತ್ತದೆ. ರಾಯರು ವರಾಂಡದಲ್ಲಿ ನಿಂತು ಉಳಿದದ್ದನ್ನು ತಾವೇ ಸಿಳ್ಳೆ ಹಾಕಿ ಮುಗಿಸುತ್ತಾರೆ.

ಮೊಬೈಲ್ ಬಂದ ಮೇಲೆ ರಾಯರ ಕೈ ಉದ್ದವಾಯಿತು. ಬೆಳಗ್ಗೆ ಆರಕ್ಕೇ ವಾಟ್ಸ್ಆ್ಯಪ್‌ನಲ್ಲಿ ಒಂದು ಕೊಂಡಿ. ಆರೂಕಾಲಕ್ಕೆ ‘ಕೇಳಿದ್ರಾ?’ ನನ್ನ ಪಕ್ಕದ ಮನೆಯ ಇಂಜಿನಿಯರ್ ಹುಡುಗ ಜಾಣ, ಬಂದ ತಕ್ಷಣ ‘ಸೂಪರ್ ಅಂಕಲ್’ ಎಂದು ಕಳಿಸಿಬಿಟ್ಟ. ಬಂದದ್ದು ಲೆಡ್ ಝೆಪೆಲಿನ್‌ನವರ 1971ರ ‘ಸ್ಟೇರ್‌ವೇ ಟು ಹೆವನ್’. ಎಂಟು ನಿಮಿಷದ ಹಾಡು, ನಾಲ್ಕು ನಿಮಿಷ ಕಳೆಯುವತನಕ ಡ್ರಮ್ ಬರುವುದಿಲ್ಲ. ಸಂಜೆ ವಾಕಿಂಗಿನಲ್ಲಿ ರಾಯರು ಅವನ ಹೆಗಲ ಮೇಲೆ ಕೈ ಹಾಕಿ, ‘ಶುರುವಿನಲ್ಲೇ ಆ ಡ್ರಮ್ ಹೇಗಿದೆ?’ ಎಂದರು. ‘ಕಿಲ್ಲರ್ ಅಂಕಲ್’ ಎಂದ. ಭಾನುವಾರ ಅವನನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಲಾಯಿತು. ಅಂದಿನಿಂದ ಬೀದಿಯವರೆಲ್ಲ ಸೇರಿ ಒಂದು ಒಳ ಒಪ್ಪಂದಕ್ಕೆ ಬಂದಿದ್ದೇವೆ: ಒಬ್ಬರು ಪೂರ್ತಿ ಕೇಳುವುದು, ಮುಖ್ಯಾಂಶಗಳನ್ನು ಉಳಿದವರಿಗೆ ದಾಟಿಸುವುದು. ಸರದಿ ಪ್ರಕಾರ.

ದೀಪಾವಳಿಗೆ ರಾಯರು ಚೈಕೋವ್‌ಸ್ಕಿಯ ‘1812’ ಓವರ್ಚರನ್ನು ತಾರಸಿಗೆ ಏರಿಸಿದರು. ನೆಪೋಲಿಯನ್ನನ ಸೇನೆ ರಷ್ಯದಿಂದ ಓಡಿಹೋದದ್ದರ ನೆನಪಿಗೆ 1880ರಲ್ಲಿ ಬರೆದದ್ದು, ಕೊನೆಯಲ್ಲಿ ಚರ್ಚಿನ ಗಂಟೆ, ನಿಜವಾದ ಫಿರಂಗಿ. ಬರೆದ ಚೈಕೋವ್‌ಸ್ಕಿಗೇ ಅದು ಬರೀ ಗದ್ದಲ ಎನಿಸಿತ್ತು. ಜನ ಅವನ ಮಾತು ಕೇಳಲಿಲ್ಲ. ರಾಯರ ಹತ್ತಿರ ಇರುವುದು ಅಮೆರಿಕದ ಟೆಲಾರ್ಕ್ ಕಂಪನಿ 1970ರ ದಶಕದ ಕೊನೆಯಲ್ಲಿ ಸಿನ್ಸಿನಾಟಿ ಆರ್ಕೆಸ್ಟ್ರಾದಿಂದ ನುಡಿಸಿ ತೆಗೆದ ಪ್ರಸಿದ್ಧ ರೆಕಾರ್ಡು. ಫಿರಂಗಿ ಹಾರುವ ಕಡೆ ರೆಕಾರ್ಡಿನ ಗೀರು ಬರಿಗಣ್ಣಿಗೇ ಕಾಣುವಷ್ಟು ಅಂಕುಡೊಂಕು. ಮುಳ್ಳು ನೆಗೆದು ಬೀಳುವುದೂ ಉಂಟು, ಸ್ಪೀಕರ್ ಹರಿದುಹೋದೀತು ಎಂಬ ಎಚ್ಚರಿಕೆಯೂ ಕವರಿನ ಮೇಲೆ ಉಂಟು. ರಾಯರು ಟರ್ನ್‌ಟೇಬಲ್ಲಿನ ಕೆಳಗೆ ಎರಡು ಕಡಪಾ ಕಲ್ಲು ಹಾಸಿ, ಹಳೆಯ ಸೈಕಲ್ ಟ್ಯೂಬು ಸುತ್ತಿ, ಮುಳ್ಳಿನ ಭಾರ ಸರಿ ಮಾಡಿ, ರಾತ್ರಿ ಎಂಟಕ್ಕೆ ಶುರುಮಾಡಿದರು. ಹದಿನಾರು ಗುಂಡೂ ಒಂದೂ ತಪ್ಪದೆ ಹಾರಿದವು. ಮುಳ್ಳು ನೆಗೆಯಲಿಲ್ಲ. ಬೆವರು ಒರೆಸಿಕೊಂಡು ಕೆಳಗೆ ಇಣುಕಿದರೆ ಬೀದಿಯಲ್ಲಿ ಸರಪಟಾಕಿ, ಆಟಂಬಾಂಬು, ಹೊಗೆ. ಒಬ್ಬರು ಮಾತ್ರ ಮೆಚ್ಚುಗೆಯಿಂದ ತಲೆ ಎತ್ತಿ ಕೂಗಿದರು: ‘ಸಾರ್, ನಿಮ್ಮದು ಯಾವ ಅಂಗಡಿಯ ಪಟಾಕಿ? ಹೊಸೂರಿಂದ ತಂದ್ರಾ?’

ಇದನ್ನೆಲ್ಲ ತಡೆದುಕೊಂಡ ರಾಯರು ಸೋತದ್ದು ಮೃದಂಗದ ಮೇಷ್ಟರ ಮುಂದೆ.

ಮೇಷ್ಟರು ಎರಡನೇ ಅಡ್ಡರಸ್ತೆಗೆ ಹೊಸದಾಗಿ ಬಂದವರು. ಮಕ್ಕಳಿಗೆ ಪಾಠ ಹೇಳುತ್ತಾರೆ. ಪಂಚೆ, ವಿಭೂತಿ, ಎಲೆಅಡಿಕೆ. ರಾಯರಿಗೆ ಇಂಥ ಶ್ರೋತೃ ಸಿಕ್ಕಿ ವರ್ಷಗಳಾಗಿದ್ದವು. ಪಿಂಕ್ ಫ್ಲಾಯ್ಡ್ ಎಂಬ ಹೆಸರನ್ನೇ ಕೇಳದ ಕಿವಿ! ಅಂದು ಬೆತ್ತದ ಕುರ್ಚಿಗೆ ಹೊಸ ಕವರು ಹಾಕಿದ್ದರು. ನಾನೂ ಬದಿಯ ಸ್ಟೂಲಿನ ಮೇಲಿದ್ದೆ. 1973ರ ‘ಡಾರ್ಕ್ ಸೈಡ್ ಆಫ್ ದ ಮೂನ್’ ಬಗ್ಗೆ ಪೀಠಿಕೆಯಾಯಿತು. ಎರಡನೆಯ ಬದಿ ತಿರುಗಿಸಿದರು. ‘ಮನಿ’ ಶುರುವಾಯಿತು, ಮೊದಲು ಚಿಲ್ಲರೆ ಕಾಸಿನ, ಗಲ್ಲಾಪೆಟ್ಟಿಗೆಯ ಸದ್ದು, ಆಮೇಲೆ ಬಾಸ್ ಗಿಟಾರು. ರಾಯರು ತಮ್ಮ ಜಾಗದಲ್ಲಿ ನಿಂತು ಮೇಷ್ಟರ ಮುಖಕ್ಕೆ ಕಣ್ಣು ನೆಟ್ಟರು.

ಮೇಷ್ಟರ ಮುಖದಲ್ಲಿ ಏನೂ ಆಗಲಿಲ್ಲ. ಬಲಗೈ ಬೆರಳು ತೊಡೆಯ ಮೇಲೆ ಹೋಯಿತು.

‘ಮಿಶ್ರ ಛಾಪು’ ಎಂದರು.

‘ಆ್ಞ?’

‘ಏಳು ಅಕ್ಷರ. ತಕಿಟ ತಕಧಿಮಿ. ಚೆನ್ನಾಗಿ ಹಿಡಿದಿದಾರೆ.’

ರಾಯರು ಇದನ್ನು ನಿರೀಕ್ಷಿಸಿರಲಿಲ್ಲ. ಏಳು ಮಾತ್ರೆಯ ರಹಸ್ಯವನ್ನು ಅವರು ಹಾಡಿನ ಕೊನೆಗೆ, ಕಾಫಿಯ ಜೊತೆ, ಬಿಚ್ಚುವ ಪದ್ಧತಿ. ಸ್ಯಾಕ್ಸೊಫೋನು ಬಂತು. ಮೇಷ್ಟರು ‘ಕದ್ರಿ ಗೋಪಾಲನಾಥರ ವಾದ್ಯ’ ಎಂದು ಕೈ ಮುಗಿದರು. ಗಿಟಾರಿನ ಸರದಿಗೆ ಸ್ವಲ್ಪ ಮುಂಚೆ ರಾಯರು ಸಾವರಿಸಿಕೊಂಡು ಕೈ ಎತ್ತಿ ‘ಈಗ ಬರುತ್ತೆ ನೋಡಿ...’ ಎಂದರು. ಬಂತು. ಮೇಷ್ಟರ ಕೈ ಒಂದು ಕ್ಷಣವೂ ತಡವರಿಸದೆ ಏಳರಿಂದ ನಾಲ್ಕಕ್ಕೆ ಹೊರಳಿತು. ‘ಚತುರಶ್ರಕ್ಕೆ ಬಂದ್ರು. ಏಳರಲ್ಲಿ ಗಿಟಾರ್ ಬಿಡಿಸೋದು ಕಷ್ಟ ಆಗಿರಬೇಕು, ಪಾಪ. ಮತ್ತೆ ಏಳಕ್ಕೆ ವಾಪಸ್ ಬರ್ತಾರೆ, ಬರದೆ ಎಲ್ಲಿಗೆ ಹೋಗ್ತಾರೆ?’ ಎಂದರು. ವಾಪಸ್ ಬಂದರು.

ಹಾಡು ಮುಗಿಯಿತು. ‘ಇನ್ನೊಂದು ಹಾಕಿ ಸಾರ್’ ಎಂದರು ಮೇಷ್ಟರು, ಬಹಳ ಆಸೆಯಿಂದ. ಆ ಕುರ್ಚಿಯಲ್ಲಿ ಕೂತವರ ಬಾಯಿಂದ ಆ ಮಾತು ಬಂದದ್ದನ್ನು ನಾನು ಅದೇ ಮೊದಲು ಕೇಳಿದ್ದು. ರಾಯರ ಮುಖ ಮಾತ್ರ ಬಾಡಿತ್ತು. ‘ಆ್ಯಂಪ್ಲಿಫೈಯರ್ ಬಿಸಿಯಾಗಿದೆ’ ಎಂದರು. ಮೆಟ್ಟಿಲು ಇಳಿಯುವಾಗ ನನ್ನ ತೋಳು ಹಿಡಿದು ನಿಲ್ಲಿಸಿ, ‘ಅವರಿಗೆ ಸಂಗೀತ ಗೊತ್ತು ಕಣ್ರೀ, ಆದರೆ ಕೇಳೋಕೆ ಬರಲ್ಲ’ ಎಂದು ಪಿಸುಗುಟ್ಟಿದರು.

ಮೇಷ್ಟರು ಸುಮ್ಮನೆ ಬಿಡುವ ಆಸಾಮಿಯಲ್ಲ. ಉಪಕಾರಕ್ಕೆ ಪ್ರತ್ಯುಪಕಾರ ಎಂದು ಮರುವಾರ ರಾಯರನ್ನು ತಮ್ಮ ಮನೆಗೆ ಕರೆದು, ಚಾಪೆಯ ಮೇಲೆ ಕೂರಿಸಿ, ಪಾಲ್ಘಾಟ್ ಮಣಿ ಅಯ್ಯರ್ ಅವರ ತನಿ ಆವರ್ತನದ ಒಂದು ಹಳೆಯ ಟೇಪು ಹಾಕಿದರು. ನಾನೂ ಇದ್ದೆ; ಈ ಬೀದಿಯಲ್ಲಿ ನಾನಿಲ್ಲದೆ ಯಾರೂ ಯಾರಿಗೂ ಏನೂ ಕೇಳಿಸುವುದಿಲ್ಲ. ಮೇಷ್ಟರು ಟೇಪ್‌ರೆಕಾರ್ಡರ್ ಪಕ್ಕದಲ್ಲಿ ರಾಯರಿಗೆ ಎದುರಾಗಿ ಕೂತು, ಎಲೆಅಡಿಕೆಯನ್ನು ದವಡೆಗೆ ಸರಿಸಿ, ಬೆರಳು ಮೇಲೆತ್ತಿ ‘ಈಗ ಮೊಹರಾ ಬರುತ್ತೆ, ಬಂತು, ಕೇಳಿ ಕೇಳಿ...’ ಎನ್ನತೊಡಗಿದಾಗ ರಾಯರು ಗಡಿಯಾರ ನೋಡಿಕೊಂಡರು. ‘ಇದನ್ನೇ ಲೆಡ್ ಝೆಪೆಲಿನ್ನಿನ ಡ್ರಮ್ಮರು...’ ಎಂದು ಬಾಯಿ ತೆರೆದರು. ‘ಶ್!’ ಎಂದರು ಮೇಷ್ಟರು.

ಅದಾದ ಮೇಲೆ ಇಬ್ಬರಿಗೂ ಗಾಢ ಸ್ನೇಹ. ವಾಕಿಂಗ್ ಒಟ್ಟಿಗೆ, ಬೆಣ್ಣೆ ದೋಸೆ ಒಟ್ಟಿಗೆ. ಒಬ್ಬರ ಮನೆಗೆ ಒಬ್ಬರು ಸಂಗೀತಕ್ಕೆ ಮಾತ್ರ ಹೋಗುವುದಿಲ್ಲ. ಇಬ್ಬರಿಗೂ ಈಗ ಬೇಕಾಗಿರುವುದು ಮೂರನೆಯವರು. ನನ್ನ ಸೊಂಟದ ಎಕ್ಸ್‌ರೇ ತೋರಿಸಿ ನಾನು ಸದ್ಯಕ್ಕೆ ರಜೆ ಪಡೆದಿದ್ದೇನೆ.

ಹೋದ ತಿಂಗಳು ಮೂಲೆಮನೆಯ ಮಹಡಿಗೆ ಧಾರವಾಡದ ಕಡೆಯವರೊಬ್ಬರು ಬಾಡಿಗೆಗೆ ಬಂದರು. ಸಾಮಾನು ಇಳಿಸುವಾಗಲೇ ರಾಯರೂ ಮೇಷ್ಟರೂ ಲಾರಿಯ ಹತ್ತಿರ ಹಾಜರು. ಹಾಸಿಗೆ ಸುತ್ತು, ಸ್ಟೀಲ್ ಬೀರು, ಕೊಡಪಾನ ಎಲ್ಲ ಇಳಿಯಿತು. ರಾಯರು ಮೆಲ್ಲಗೆ ಗಾಳ ಹಾಕಿದರು: ‘ತಮಗೆ ಸಂಗೀತದಲ್ಲಿ ಆಸಕ್ತಿ ಉಂಟೋ?’

‘ಅಯ್ಯ, ಬಾಳ ಐತ್ರಿ’ ಎಂದರು ಅವರು, ಮುಖ ಅರಳಿಸಿ.

ರಾಯರು ಮೇಷ್ಟರ ಕಡೆ ನೋಡಿದರು. ಮೇಷ್ಟರು ಒಂದು ಹೆಜ್ಜೆ ಮುಂದೆ ಬಂದರು. ಅಷ್ಟರಲ್ಲಿ ಲಾರಿಯಿಂದ ಕೊನೆಯದಾಗಿ ಒಂದು ದೊಡ್ಡ ಟ್ರಂಕು ಇಳಿಯಿತು. ಧಾರವಾಡದವರು ಅದನ್ನು ಯಾರ ಕೈಗೂ ಕೊಡದೆ ತಾವೇ ತಬ್ಬಿ ಹಿಡಿದು ಕೆಳಗಿಟ್ಟು, ಮುಚ್ಚಳ ತಟ್ಟಿದರು.

‘ಎಲ್ಲಾ ಮನ್ಸೂರ್ ಅಣ್ಣಾವರದ್ದು ನೋಡ್ರಿ. ಎಂಥೆಂಥಾ ಅಪರೂಪದ ರಾಗ ಅದಾವು ಅಂತೀರಿ! ಐತವಾರ ಬರ್ರಿ ಇಬ್ರೂ, ಮುಂಜಾನೆ ಬಂದ್ರ ರಾತ್ರಿತನಾ ಕೇಳಸ್ತೀನಿ. ಸುಮ್ನ ಕೂತು ಕೇಳೂದಷ್ಟ ನಿಮ್ಮ ಕೆಲಸ.’

ರಾಯರಿಗೂ ಮೇಷ್ಟರಿಗೂ ಐತವಾರ ಒಂದೇ ಮದುವೆಗೆ ಹೋಗುವುದಿತ್ತು, ಅದು ಅಲ್ಲೇ, ಆಗಲೇ ನೆನಪಾಯಿತು. ಮದುವೆ ಎಲ್ಲಿ ಎಂದು ಕೇಳಿದ್ದಕ್ಕೆ ಒಬ್ಬರು ತುಮಕೂರು ಎಂದರು, ಇನ್ನೊಬ್ಬರು ಕೋಲಾರ ಎಂದರು.